ಮೂರನೆಯ ಪ್ರಕಟಣೆ

"ಮಾರ್ಟಿನ್ ಮತ್ತು ಏಂಜೆಲಿನ್. ಈ ಮದುವೆಗೆ ಅಡ್ಡಿಯೇನಾದರೂ ಇರುವುದು ತಿಳಿದವರು ಗುರುಗಳಿಗೆ ತಿಳಿಸಬೇಕು. ಇದು ಮೂರನೆಯ ಮತ್ತು ಕೊನೆಯ ಪ್ರಕಟಣೆ."

ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತು ಲೂರ್ದುಮೇರಿ ಕೇಳಿಸಿಕೊಂಡಳು. ಮದುವೆಗೆ ಮುಂಚೆ ಮೂರು ಭಾನುವಾರ ಹೀಗೆ ಕೂಗಿ ಹೇಳುವುದು ಪದ್ಧತಿ. ಮೊದಲ ಭಾನುವಾರ ಅವಳಿಗೆ ಎದ್ದು ನಿಲ್ಲಲೇ ಆಗಲಿಲ್ಲ. ಎರಡನೆಯ ಭಾನುವಾರ ಫಾದರ್ ತೋಮಸ್ ಅವರ ಕಚೇರಿ ಬಾಗಿಲವರೆಗೆ ಹೋಗಿ ವಾಪಸ್ ಬಂದಳು. ಇವತ್ತು ತಪ್ಪಿದರೆ ಮುಗಿಯಿತು. ಬರುವ ಶನಿವಾರ ಆ ಹುಡುಗಿ ಅವನ ಕೈಗೆ ಬೀಳುತ್ತಾಳೆ. ಕ್ಯಾಥೊಲಿಕರಲ್ಲಿ ಮದುವೆ ಅಂದರೆ ಬೇಡವೆಂದಾಗ ಬಿಚ್ಚುವ ಗಂಟಲ್ಲ.

ಮಾರ್ಟಿನ್ ಎಂಥವನು ಅಂತ ಯಾರನ್ನಾದರೂ ಕೇಳಿ, ಬಂಗಾರದಂಥವನು ಅನ್ನುತ್ತಾರೆ. ಕುಡಿಯುವವನಲ್ಲ, ಕೈ ಎತ್ತುವವನಲ್ಲ, ದನಿ ಏರಿಸುವವನೂ ಅಲ್ಲ. ಅವನ ಜೊತೆ ಒಂದೇ ಸೂರಿನಡಿ ಬಾಳಿದವಳಿಗೆ ಗೊತ್ತು, ಮಿಕ್ಕವರಿಗೇನು ಗೊತ್ತು ಮಣ್ಣು! ನಜರ್‌ಬಾದಿನ ಆ ಮನೆಯಲ್ಲಿ ಅವಳು ಇಟ್ಟ ಬೀಗದ ಕೈ ಇಟ್ಟಲ್ಲಿ ಇರುತ್ತಿರಲಿಲ್ಲ. ಆರಿಸಿ ಬಂದ ಒಲೆ ಉರಿಯುತ್ತಿತ್ತು. "ಮತ್ತೆ ಮರೆತೆಯಾ? ಪಾಪ," ಎಂದು ಅವನೇ ಆರಿಸಿ ಬರುತ್ತಿದ್ದ. ನೆರೆಯವರ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದ. "ನಿನ್ನನ್ನ ನಾನಲ್ಲದೆ ಇನ್ಯಾರು ಸಹಿಸ್ಕೋತಾರೆ ಹೇಳು?" ಹೌದೇನೋ ಅನ್ನಿಸಿತು ಅವಳಿಗೆ. ಅವನು ಕೊಟ್ಟ ಮಾತ್ರೆ ನುಂಗಿದಳು, ಬೀದಿಗೆ ಇಳಿಯುವುದನ್ನೇ ಬಿಟ್ಟಳು.

ದಿನಾ ಸಾರು ಉಪ್ಪುಪ್ಪು. "ಇವತ್ತೂ ಎರಡು ಸಲ ಹಾಕಿದ್ದೀಯ," ಅನ್ನುತ್ತಿದ್ದ ಅವನು, ಮೆತ್ತಗೆ. ಮಹಡಿ ಮನೆಯ ಚಾಮುಂಡಮ್ಮನ ಹತ್ತಿರ ಒಮ್ಮೆ ಅತ್ತುಕೊಂಡಳು. ಆಕೆ ಎಲೆ ಅಡಿಕೆ ಅಗಿಯುತ್ತಾ ಹೇಳಿದ್ದು ಇಷ್ಟೇ. "ನಾಳೆ ಉಪ್ಪೇ ಹಾಕ್ಬೇಡ ಕಣಮ್ಮ. ಏನಾಯ್ತದೆ ನೋಡ್ಬುಡು."

ಮಾರನೆಯ ದಿನ ಅವಳು ಒಂದು ಹರಳು ಉಪ್ಪೂ ಹಾಕಲಿಲ್ಲ. ಸಾರಿನ ಪಾತ್ರೆ ಇಳಿಸಿ ನೀರು ಹಿಡಿಯಲು ಹಿತ್ತಲ ನಲ್ಲಿಗೆ ಹೋಗಿಬಂದಳು, ಅಷ್ಟೇ. ಮಾರ್ಟಿನ್ ಒಂದು ತುತ್ತು ತಿಂದು ತಟ್ಟೆ ಸರಿಸಿದ. "ಇವತ್ತೂ ಎರಡು ಸಲ." ಅವಳು ಬೆರಳದ್ದಿ ನೆಕ್ಕಿದಳು. ಸಮುದ್ರದ ನೀರಿನಂತಿತ್ತು.

ಅಂದೇ ಸಂಜೆ ಉಟ್ಟ ಸೀರೆಯಲ್ಲಿ ಚಾಮುಂಡಮ್ಮನ ಮನೆಗೆ ಹತ್ತಿದವಳು ಕೆಳಗೆ ಇಳಿಯಲಿಲ್ಲ. ಎಂಟು ತಿಂಗಳು ಬೇಕಾಯಿತು, ತನ್ನ ನಾಲಿಗೆಯನ್ನು ತಾನು ನಂಬಲು. ಈಗಲೂ ಒಲೆ ಆರಿಸಿ ಮೂರು ಸಲ ಹಿಂದಿರುಗಿ ನೋಡುತ್ತಾಳೆ. ಮಾರ್ಟಿನ್ ಮನೆ ಖಾಲಿ ಮಾಡಿ ಜಯಲಕ್ಷ್ಮಿಪುರಂ ಕಡೆ ಹೋದ. ಹೊಸ ಚರ್ಚು, ಹೊಸ ಜನ, ಹೊಸ ಹುಡುಗಿ.

ಕಳೆದ ವಾರ ಬಸ್ ಸ್ಟಾಪಿನಲ್ಲಿ ಏಂಜೆಲಿನ್‌ಳನ್ನು ತಡೆದು ಮಾತಾಡಿಸಿದ್ದಳು. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು. "ನೀವು ಯಾರು ಅಂತ ಗೊತ್ತು. ಯಾವ ಸಂಬಂಧ ಹೇಳ್ಕೊಂಡು ಬಂದ್ರೂ ನಂಬಬೇಡ ಅಂದಿದ್ದಾರೆ ಮಾರ್ಟಿನ್. ದಯವಿಟ್ಟು ಅವರನ್ನ ಬಿಟ್ಟುಬಿಡಿ." ಹೇಳುತ್ತಲೇ ಬ್ಯಾಗ್ ತಡಕಿದಳು. "ಮೊಬೈಲ್ ಎಲ್ಲಿಟ್ಟೆ... ಇತ್ತೀಚೆಗೆ ನನಗೆ ಮರೆವು ಜಾಸ್ತಿ. ಅವರಿರೋದ್ರಿಂದ ಹೇಗೋ ನಡೀತಿದೆ." ಲೂರ್ದುಮೇರಿಗೆ ತಿಳಿದುಹೋಯಿತು. ಶುರುವಾಗಿಬಿಟ್ಟಿದೆ.

ಪೂಜೆ ಮುಗಿಯಿತು. ಈ ಸಲ ಅವಳು ಕಚೇರಿ ಬಾಗಿಲಲ್ಲಿ ನಿಲ್ಲದೆ ಒಳಗೇ ಹೋದಳು. ಈ ಮಾತು ಆಡಿದರೆ ಮಾರ್ಟಿನ್ ತನಗೆ ಇನ್ನೆಂದೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಇಷ್ಟೆಲ್ಲ ಆದಮೇಲೂ ಅವನ ಮೇಲಿನ ಪ್ರೀತಿ ಸತ್ತಿರಲಿಲ್ಲ. ನಾಚಿಕೆಗೇಡು ಅನ್ನಿ, ಏನು ಬೇಕಾದರೂ ಅನ್ನಿ.

"ಅಡ್ಡಿ ಇದೆ ಫಾದರ್. ಹುಡುಗೀನೂ ಕರೀರಿ. ಅವಳ ಎದುರಿಗೇ ಹೇಳ್ಬೇಕು."

ಏಂಜೆಲಿನ್ ಬಂದವಳು ಇವಳನ್ನು ಕಂಡು ಬಿಳಿಚಿಕೊಂಡಳು. ಇದ್ದ ಒಂದು ಕುರ್ಚಿಯಲ್ಲಿ ಕೂತಳು. "ಇವರೇ ಫಾದರ್, ಮಾರ್ಟಿನ್ ಹಿಂದೆ ಬಿದ್ದಿರೋರು."

ಫಾದರ್ ತೋಮಸ್ ಕನ್ನಡಕ ಸರಿಮಾಡಿಕೊಂಡರು. "ನೇರವಾಗಿ ಕೇಳ್ತೀನಿ ಅಮ್ಮ. ಅವನಿಗೆ ಈ ಮೊದಲೇ ಮದುವೆ ಆಗಿದೆಯಾ? ನೀವು ಅವನ ಹೆಂಡತಿಯಾ?"

ಲೂರ್ದುಮೇರಿಯ ಮಾತಿಗೆ ಬೆಲೆಯಿಲ್ಲವೆಂದು ಅವನು ಊರಿಗೆಲ್ಲ ಸಾರಿಟ್ಟಿದ್ದನಲ್ಲ. ಅವಳು ತನ್ನ ಆಧಾರ್ ಕಾರ್ಡನ್ನು ಮೇಜಿನ ಮೇಲಿಟ್ಟಳು.

"ಅವನ ಜ್ಞಾನಸ್ನಾನದ ಪತ್ರ ನಿಮ್ಮ ಹತ್ರ ಇರ್ಬೇಕಲ್ಲ ಫಾದರ್. ಎರಡನ್ನೂ ಇಟ್ಟು ನೋಡಿ."

ಮಗುವಾಗಿದ್ದಾಗ ಚರ್ಚು ಬರೆದುಕೊಟ್ಟ ಆ ಪತ್ರವಿಲ್ಲದೆ ಚರ್ಚಿನಲ್ಲಿ ಮದುವೆಯಿಲ್ಲ. ಎಷ್ಟು ಚಾಲಾಕಿಯಾದರೂ ಮಾರ್ಟಿನ್ ಅದನ್ನು ತಂದುಕೊಡಲೇಬೇಕಾಗಿತ್ತು. ಅದನ್ನು ಯಾರು ಓದುತ್ತಾರೆ ಅಂದುಕೊಂಡಿದ್ದ ಪುಣ್ಯಾತ್ಮ. ಫಾದರ್ ಕಡತದಿಂದ ಅದನ್ನು ತೆಗೆದು ಕಾರ್ಡಿನ ಪಕ್ಕದಲ್ಲಿಟ್ಟರು. ಒಮ್ಮೆ ಓದಿದರು. ಮತ್ತೊಮ್ಮೆ ಓದಿದರು. ಇವಳ ಹೆಸರು ಎರಡರಲ್ಲೂ ಇತ್ತು.

"ಏಂಜೆಲಿನ್, ಏಳಮ್ಮ, ಇವರಿಗೆ ಕುರ್ಚಿ ಕೊಡು," ಎಂದರು. "ಸತ್ತು ಹನ್ನೆರಡು ವರ್ಷ ಆಯ್ತು ಅಂತ ಮಾರ್ಟಿನ್ ನಮ್ಮಿಬ್ಬರಿಗೂ ಹೇಳಿದ್ದನಲ್ಲ, ಅವನ ತಾಯಿ, ಇವರೇ."