ಕುಸುಮಳನ್ನು ದಾಟಿಸುವ ಕಷಾಯ

ಚೀನಾದ ಟಿಯಾನ್ಮಾ ಗೆಡ್ಡೆ ರೇಷನ್ ಅಂಗಡಿಗೆ ಬಂದಮೇಲೆ, ಅದರ ಕಷಾಯ ಕುಡಿದ ಮರೆವಿನ ರೋಗಿಗಳಿಗೆಲ್ಲ ನೆನಪು ಬಾಲ್ಯದಿಂದ ಹಿಡಿದು ವರ್ಷ ವರ್ಷವಾಗಿ ಮರಳುತ್ತಿತ್ತು. “ನಿಮ್ಮೆಜಮಾನ್ರು ಎಲ್ಲಿಗೆ ಬಂದ್ರು?” ಎಂದು ಕ್ಯೂನಲ್ಲಿ ಹೆಂಗಸರು ಕೇಳುವುದು ವಾಡಿಕೆ.

“ಕಾಲೇಜಿಗೆ,” ಎಂದಳು ಚಂದ್ರಮತಿ, ಹಲ್ಲು ಕಚ್ಚಿಕೊಂಡು. ಆ ಕಾಲೇಜಿನಲ್ಲಿ ಕುಸುಮ ಎಂಬುವವಳಿದ್ದಳು. ತಿಂಗಳಿಂದ ಗಂಡ ವಾಮನರಾಯರ ಬಾಯಲ್ಲಿ ಅವಳದೇ ಜಪ. ಅವಳ ನೆನಪನ್ನು ಬೇಗ ದಾಟಿಸಿಬಿಡೋಣವೆಂದು ಚಂದ್ರಮತಿ ಅಂದು ಗೆಡ್ಡೆಯನ್ನು ದುಪ್ಪಟ್ಟು ಹಾಕಿ ಕುದಿಸಿ ಕುಡಿಸಿದಳು.

ಮರುದಿನ ಬೆಳಿಗ್ಗೆ ರಾಯರು ಹೆಂಡತಿಯನ್ನೇ ನರ್ಸ್ ಎಂದುಕೊಂಡು ಪಿಸುಗುಟ್ಟಿದರು: “ಸಿಸ್ಟರ್, ನಿನ್ನೆ ಹೆಣ್ಣು ನೋಡಕ್ಕೆ ಹೋಗಿದ್ದೆ. ಚಂದ್ರಮತಿ ಅಂತೆ. ಅಮ್ಮನ ಬಲವಂತಕ್ಕೆ ಒಪ್ಕೊಂಡೆ. ಮುಖಾನೂ ಸರಿಯಾಗಿ ನೋಡ್ಲಿಲ್ಲ.”

ಚಂದ್ರಮತಿ ಲೋಟವನ್ನು ಅವರ ತುಟಿಗೆ ಒತ್ತಿದಳು.

“ಕುಡೀರಿ. ಅದೇ ಮುಖಾನ ಇನ್ನು ನಲವತ್ತು ವರ್ಷ ನೋಡೋರಂತೆ.”