ಹಿತ್ತಲಿನ ಲಾಪಾಜ್

ಪಂಕ್ಚರ್ ಅಂಟಿನ ವಾಸನೆ ಬಂದರೆ ಇಂದಿಗೂ ಕೊಟ್ಟೂರಿನ ಆ ಮಧ್ಯಾಹ್ನ ಎದುರು ನಿಲ್ಲುತ್ತದೆ. ಸೈಕಲ್ ಅಂಗಡಿಯಲ್ಲಿ ನಮ್ಮ ಚೆಂಡಿಗೆ ತೇಪೆ ಹಚ್ಚುತ್ತಾ ಅಪ್ಪ, ದೂರದೇಶದ ಲಾಪಾಜ್ ಎಂಬ ಬೆಟ್ಟದೂರಿನ ಫುಟ್‌ಬಾಲ್ ಸ್ಟೇಡಿಯಮ್ಮಿನ ಕಥೆ ಹೇಳಿದ.

“ಅಷ್ಟೆತ್ತರಕ್ಕ ಗಾಳೀನ ಕಮ್ಮಿ. ಹೊರಗಿನವ್ರು ಓಡಿದ್ರ ತೇಕ್ತಾರ. ಅದಕ್ಕ ಫುಟ್‌ಬಾಲ್ ನಡೆಸೋ ದೊಡ್ಡೋರು ಅಲ್ಲಿ ಆಟಾನ ಬ್ಯಾಡಂದ್ರು. ಊರ ಮಂದಿ ಬಿಡಬೇಕಲ್ಲ, ಜಗಳಾಡಿ ಆಡಿಸಿದ್ರು!”

ಹಿತ್ತಲೇ ನಮ್ಮ ಲಾಪಾಜ್ ಆಯಿತು. ನಾನು ಊರವಳು, ಉಬ್ಬಸದ ತಮ್ಮ ಹೊರಗಿನವನು. ಓಡಿ ಓಡಿ ತೇಕುವಂತೆ ನಟಿಸುವುದು ಅವನ ಪಾಲು.

“ಅಕ್ಕಾ, ಸಾಕು…” ಎಂದು ಅವನು ಕುಸಿದ.

“ಭಾರಿ ಮಾಡ್ತೀಯಲೇ!” ಎಂದು ಚಪ್ಪಾಳೆ ತಟ್ಟಿದೆ.

ಅವನು ಏಳಲೇ ಇಲ್ಲ. ನನ್ನ ಕೂಗಿಗೆ ಬಂದ ಅಪ್ಪ ಅವನನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದ. ಉಸಿರು ತಿರುಗಿದ ಮೇಲೆ ತಮ್ಮನೇ ಹೇಳಿದ: “ಅಕ್ಕ ಬ್ಯಾಡ ಬ್ಯಾಡ ಅಂದ್ಲಪ್ಪಾ, ನಾನ ಓಡಿದೆ.”

ಅಪ್ಪ ನನ್ನ ಕಡೆ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ.