ಸ್ಕೆರೆಟ್ ತಪ್ಪಿಸಿದ ಗುಂಡು

ಈಗಲಾದರೂ ಹೇಳಿಬಿಡಲೇ? ಗೆಳೆಯ ಸ್ಕೆರೆಟ್‌ನನ್ನು ಮಣ್ಣು ಮಾಡಿ ಬಂದು ಗಾಲ್ವೆ ಪಟ್ಟಣದ ತನ್ನ ಮನೆಯಲ್ಲಿ ಬೆಂಕಿಯ ಮುಂದೆ ಕುಳಿತ ಮುದುಕ ಕಿರ್ವನ್‌ಗೆ ತೀರ್ಮಾನಿಸಲಾಗಲಿಲ್ಲ. ಯೌವನದಲ್ಲಿ, ಕುದುರೆ ಪಂದ್ಯದ ಒಂದು ಮಾತಿಗೆ ಸ್ಕೆರೆಟ್ ಮತ್ತು ಬಾಡ್ಕಿನ್ ಪಿಸ್ತೂಲು ಹಿಡಿದು ಎದುರುಬದುರು ನಿಂತಾಗ, ಇಬ್ಬರ ಗೆಳೆಯನಾಗಿ ಎರಡಕ್ಕೂ ಮದ್ದು ತುಂಬಿಕೊಟ್ಟವನು ಅವನೇ.

“ಗುಂಡು ಇಲ್ಲೇ ಸುಂಯ್ ಅಂತ ಹೋಯ್ತು ಕಣೋ,” ಎದುರು ಕುಳಿತ ಬಾಡ್ಕಿನ್ ಕಿವಿ ಮುಟ್ಟಿಕೊಂಡ. “ಹಾರೋ ಬಾತುಕೋಳಿನೇ ಬಿಡದವನು ನಿಂತಿದ್ದ ನನ್ನ ಬಿಟ್ಟ. ಬೇಕಂತಲೇ ತಪ್ಪಿಸಿದ್ನಲ್ವೇನೋ?”

“ನಿನ್ನ ಹೊಟ್ಟೆ ಆಗಲೂ ಇಷ್ಟೇ ದೊಡ್ಡದಿತ್ತು. ಅವನು ತಪ್ಪಿಸದೆ ಇದ್ರೆ ತಪ್ತಿತ್ತಾ?”

ಬಾಡ್ಕಿನ್ ನಗುತ್ತಲೇ ಕಣ್ಣೊರೆಸಿಕೊಂಡು, ಸತ್ತ ಗೆಳೆಯನ ಹೆಸರಿನಲ್ಲಿ ವಿಸ್ಕಿ ಲೋಟ ಎತ್ತಿದ. ಜೇಬಿನಲ್ಲಿ ಹಿಡಿದಿದ್ದ ಎರಡು ಸೀಸದ ಗುಂಡುಗಳನ್ನು ಅಲ್ಲೇ ಬಿಟ್ಟು ಕಿರ್ವನ್ ತನ್ನ ಲೋಟವನ್ನೂ ಎತ್ತಿದ. ಅಂದು ಬರೀ ಮದ್ದು ತುಂಬಿದ್ದೆ, ಗುಂಡು ಹಾಕಿರಲಿಲ್ಲ ಎಂದು ಅವನು ಕೊನೆಗೂ ಹೇಳಲಿಲ್ಲ.